ಇದ್ದಿಲು ಕಾರಿಗೆ ಗಾಳಿ ಹಾಕಿದ್ದು

ಬೆಳಿಗ್ಗೆ ಎದ್ದು ಬಾವಿಯಿಂದ ಎಂಟು ಕೊಡ ನೀರು ಸೇದಿದೆ. ಹಸುವಿಗೆ ಹುಲ್ಲು ಹಾಕಿದೆ. ಸ್ನಾನ ಮಾಡಿ, ವಿಭೂತಿ ಹಚ್ಚಿ, ಶಿವಪೂಜೆ ಮುಗಿಸಿದೆ. ಗಡಿಯಾರಕ್ಕೆ ಕೀಲಿ ಕೊಟ್ಟೆ. ಹುಣಸೆಹಣ್ಣಿನ ಬೀಜ ಬಿಡಿಸಿದೆ. ಆಮೇಲೆ ಕಾರು ರಿಪೇರಿಗೆ ಕುಳಿತೆ.

ಚೊಚ್ಚಲ ಹೆರಿಗೆಗೆಂದು ಮಗಳು ಪಾರ್ವತಿಯನ್ನು ಅರಕಲಗೂಡಿನಿಂದ ಹಾಸನಕ್ಕೆ, ನಮ್ಮ ಮನೆಗೆ ಕರೆತರಬೇಕಿತ್ತು. ಅವಳಿಗೆ ಅಂದಿಗೆ ಏಳು ತಿಂಗಳು ಮುಗಿಯುತ್ತಿತ್ತು. ಎಂಟರಲ್ಲಿ ಬಸುರಿಯನ್ನು ಹೊಸ್ತಿಲು ದಾಟಿಸುವುದಿಲ್ಲ, ಹೊತ್ತು ಮುಳುಗುವುದರೊಳಗೆ ಬಂದು ಕರೆದುಕೊಂಡು ಹೋಗಿ ಎಂದು ಬೀಗರು ಹೇಳಿ ಕಳಿಸಿದ್ದರು. ತಪ್ಪಿದರೆ ಇನ್ನೊಂದು ತಿಂಗಳು ಕಾಯಬೇಕು. “ಅವ್ವನ್ನ ನೋಡ್ಬೇಕು ಅಂತ ಅಳ್ತಾಳಂತೆ ಕಣ್ರೀ” ಎಂದು ನನ್ನ ಹೆಂಡತಿ ಗಿರಿಜಮ್ಮ ಮೂರು ದಿನದಿಂದ ತಾನೂ ಅಳುತ್ತಿದ್ದಳು.

ಯುದ್ಧದ ಕಾಲ; ಪೆಟ್ರೋಲು ಕಣ್ಣಿಗೆ ಹಚ್ಚಿಕೊಳ್ಳಲೂ ಸಿಗುತ್ತಿರಲಿಲ್ಲ. ಹಾಗಾಗಿ ನನ್ನ ಹಳೆಯ ಕಾರಿನ ಬೆನ್ನಿಗೆ, ಇದ್ದಿಲು ಸುಟ್ಟು ಗ್ಯಾಸ್ ಮಾಡುವ ದೊಡ್ಡ ಹಂಡೆಯೊಂದನ್ನು ಕೂರಿಸಿದ್ದೆ. ಅದರ ಪಕ್ಕದಲ್ಲಿ ಕೈಯಿಂದ ತಿರುಗಿಸುವ ಫ್ಯಾನು. ಹತ್ತು ನಿಮಿಷ ತಿರುಗಿಸಿದರೆ ಕೆಂಡ ಕೆಂಪಾಗಿ, ಗ್ಯಾಸ್ ಹುಟ್ಟಿ, ಕಾರು ಕೆಮ್ಮಿಕೊಂಡು ಹೊರಡುತ್ತಿತ್ತು. ಅಂದು ಅರ್ಧ ಗಂಟೆ ತಿರುಗಿಸಿದೆ. ಕೆಮ್ಮಿದ್ದು ನಾನೊಬ್ಬನೇ!

“ಫ್ಯಾನು ಕೆಟ್ಟಿದೆ” ಎಂದು ತೀರ್ಪು ಕೊಟ್ಟೆ.

“ನಿಮಗೆಂಗೆ ಗೊತ್ತಾಯ್ತು?” ಎಂದಳು ಗಿರಿಜಮ್ಮ.

“ಸದ್ದು ಕೇಳಿದ್ರೆ ಗೊತ್ತಾಗ್ತದೆ ಕಣೇ. ಅದಕ್ಕೆ ಅನುಭವ ಬೇಕು.”

ಅನುಭವವೆಂದರೆ, ಹಿಂದಿನ ವರ್ಷ ಅವಳ ಹೊಲಿಗೆ ಯಂತ್ರವನ್ನು ಬಿಚ್ಚಿದ್ದೆ. ಅದು ಇನ್ನೂ ಬಿಚ್ಚಿಕೊಂಡೇ ಇದೆ.

ಫ್ಯಾನನ್ನು ಜಗಲಿಗೆ ತಂದು, ಅದರ ಆರು ರೆಕ್ಕೆಗಳಿಗೂ ಎಳೆಗೂಸಿಗೆ ಹಚ್ಚುವಂತೆ ಹರಳೆಣ್ಣೆ ಹಚ್ಚಿದೆ. ಪಕ್ಕದ ಮನೆಯ ಪಾತ್ರೆ ವ್ಯಾಪಾರಿ ಪದ್ಮಯ್ಯನವರು ಮಡಿಪಂಚೆಯಲ್ಲಿ ಬಂದು ಬಗ್ಗಿ ನೋಡಿದರು. ಅದೇ ಘಳಿಗೆಯಲ್ಲಿ ನಾನು ಹಿಡಿ ತಿರುಗಿಸಿದೆ. ಎಣ್ಣೆಯೆಲ್ಲ ಅವರ ಮೇಲೆ!

“ಏನ್ ಸ್ವಾಮಿ, ನನಗೂ ಎಣ್ಣೆ ನೀರು ಆಕೋ ಯೋಚನೇನಾ?” ಎಂದು ಮುಖ ಒರೆಸಿಕೊಂಡ ಆ ಪುಣ್ಯಾತ್ಮರು, “ನಮ್ಮ ಎತ್ತಿನ ಗಾಡಿ ಕೊಡ್ತೀನಿ, ಓಗಿ ಬನ್ನಿ” ಎಂದರು.

“ಬಸುರಿ ಉಡುಗಿ, ಆ ಕುಲುಕಾಟ ತಡೀತಾಳಾ?” ಎಂದಳು ಗಿರಿಜಮ್ಮ. ಆಗಲೇ ಹೊತ್ತು ತಿರುಗಿ, ಮನೆಯ ನೆರಳು ಅಂಗಳಕ್ಕೆ ಇಳಿದಿತ್ತು.

ರೆಕ್ಕೆ ತಿರುಗುಮುರುಗಾಗಿರಬಹುದೆಂದು ಮಗುಚಿ ಹಾಕಿದೆ. ಆಗಲಿಲ್ಲ. ಮತ್ತೆ ಮಗುಚಿದೆ. ಕೊನೆಗೆ ಫ್ಯಾನಿನ ಸಹವಾಸವೇ ಬೇಡವೆಂದು ಅಡಿಗೆ ಮನೆಯ ಊದುಗೊಳವೆ ತಂದು, ಹಂಡೆಯ ತೂತಿಗೆ ಇಟ್ಟು, ಹೊಟ್ಟೆಯಲ್ಲಿದ್ದ ಉಸಿರನ್ನೆಲ್ಲ ಊದಿದೆ. ಹಂಡೆ ಸ್ವಲ್ಪವೂ ಇಟ್ಟುಕೊಳ್ಳದೆ ಎಲ್ಲವನ್ನೂ ನನ್ನ ಮುಖಕ್ಕೇ ಹಿಂದಿರುಗಿಸಿತು, ಜೊತೆಗೆ ಒಂದು ಸೇರು ಬೂದಿ, ಮಸಿ!

ಗಿರಿಜಮ್ಮ ನನ್ನನ್ನು ನೋಡಿದಳು. ಹಂಡೆಯನ್ನು ನೋಡಿದಳು.

“ಊದಿದ ಗಾಳಿ ವಾಪಸ್ ಬತ್ತದೆ ಅಂದ್ರೆ ಒಳಗೆ ದಾರಿ ಕಟ್ಕೊಂಡದೆ. ರೀ, ಬೂದಿ ಯಾವಾಗ ತೆಗೆದ್ರಿ?”

“ತೆಗೀಲಿಲ್ಲ. ಮಂಗಳವಾರ, ಶುಕ್ರವಾರ ಒಲೆ ಬೂದಿ ಒರಗೆ ಆಕಬಾರ್ದು ಅಂತ ನೀನೇ ಏಳಿದ್ದೆ. ನಡುವೆ ಅಮಾವಾಸ್ಯೆ ಬಂತು. ಮಿಕ್ಕ ದಿನ ಮರೆತೋಯ್ತು.”

“ಅಯ್ಯೋ ಶಿವನೇ! ನಾನೇಳಿದ್ದು ಅನ್ನ ಬೇಯಿಸೋ ಒಲೆಗೆ! ಮೋಟಾರಿಗೂ ಮಡಿ ಮಾಡ್ಬುಟ್ರಾ?”

ಮಗಳ ಮನೆಗೆಂದು ಉಟ್ಟಿದ್ದ ರೇಷ್ಮೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ, ಹಂಡೆಯ ಕೆಳಗಿನ ಬಾಗಿಲು ತೆರೆದು, ಅವಳು ಮೂರು ಮಂಕರಿ ಬೂದಿ ಎಳೆದು ಹಾಕಿದಳು. ನಾನು ಫ್ಯಾನನ್ನು ಮತ್ತೆ ಹಂಡೆಗೆ ಕೂರಿಸಿ, ಎರಡು ಕೈಯಿಂದಲೂ ತಿರುಗಿಸಿದೆ. ಅಂಗೈ ತುಂಬ ಬೊಬ್ಬೆ ಎದ್ದವು. ಕೆಂಡ ಕೆಂಪಾಯಿತು. ಕಾರು ಕೆಮ್ಮಿತು!

“ಓಗಿ, ಓಗಿ! ದಾರೀಲಿ ಎಲ್ಲೂ ಏನೂ ಬಿಚ್ಬೇಡಿ!” ಎಂದು ಪದ್ಮಯ್ಯನವರು ಕೂಗಿ ಹೇಳಿದರು.

ಅರಕಲಗೂಡು ಮುಟ್ಟಿದಾಗ ಹೊತ್ತು ಮುಳುಗಲು ಇನ್ನೂ ಮಾರುದ್ದವಿತ್ತು. ಜಗಲಿಯಲ್ಲಿದ್ದ ಬೀಗರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಏನಪ್ಪಾ ಡ್ರೈವರ್, ನಿಮ್ಮ ಯಜಮಾನರೆಲ್ಲಿ?” ಎಂದರು.

“ನಮ್ಮಪ್ಪಯ್ಯನೇ ಅದು, ಮಾವ!” ಎನ್ನುತ್ತ ಪಾರ್ವತಿ ಬಾಗಿಲಿಗೆ ಬಂದಳು. ಗಂಟು ಕಟ್ಟಿಕೊಂಡು ಬೆಳಗಿನಿಂದಲೂ ಅಲ್ಲೇ ಕುಳಿತಿದ್ದಳಂತೆ. ಅತ್ತೆ ಮಡಿಲು ತುಂಬಿದರು. ಬಿಸಿಲು ಇನ್ನೂ ಹೆಂಚಿನ ಮೇಲಿರುವಾಗಲೇ ನನ್ನ ಮಗಳು ಹೊಸ್ತಿಲು ದಾಟಿದಳು. ತಾಯಿ ಮಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನಾನೂ ಸ್ವಲ್ಪ ಅತ್ತೆ. ಮಸಿ ಹಿಡಿದ ಮುಖದ ಮೇಲೆ ಎರಡು ಬಿಳಿ ಗೆರೆ ಬಿದ್ದಿದ್ದರಿಂದ ಅದು ಎಲ್ಲರಿಗೂ ಗೊತ್ತಾಯಿತು.

ಮನೆಗೆ ಬಂದು ಬಿಸಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ತುಪ್ಪ ಉಂಡೆವು. ಬೊಬ್ಬೆ ಕೈಯಿಂದ ಮುದ್ದೆ ಮುರಿಯಲು ನನಗೆ ಆಗಲಿಲ್ಲ. ಪಾರ್ವತಿಯೇ ಮುರಿದು, ಸಾರಿಗೆ ಅದ್ದಿ, ತುತ್ತು ತುತ್ತಾಗಿ ನನ್ನ ಬಾಯಿಗಿಟ್ಟಳು.

“ಬಾಣಂತನಕ್ಕೆ ಬಂದಿರೋದು ನಾನೋ ನೀವೋ, ಅಪ್ಪಯ್ಯ?”

ನಾನು ಮುಂದಿನ ತುತ್ತಿಗೆ ಬಾಯಿ ತೆರೆದೆ.

ತಾಯಿ ಮಗಳ ಮಾತು ಮುಗಿಯುವ ಹಾಗೆ ಕಾಣಲಿಲ್ಲ. ಮೊದಲು ನಿದ್ದೆ ಹೋದವನು ನಾನು. ಬಸುರಿಗೆಂದು ಹಾಸಿದ್ದ ಹೊಸ ಹತ್ತಿಯ ಹಾಸಿಗೆಯ ಮೇಲೆ!