ಎರಡು ಸೆಂಟಿನ ಕುದುರೆ ಸವಾರ

ಹವ್ಯಾಸ ಅಂತ ಒಂದನ್ನು ಹಚ್ಚಿಕೊಂಡವನಿಗೆ ನಗೆಪಾಟಲು ತಪ್ಪಿದ್ದಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನನ್ನದು ಅಂಚೆಚೀಟಿ ಕೂಡಿಸುವ ಹವ್ಯಾಸ. ನಮ್ಮ ಕಡೆ ಅದಕ್ಕೆ ಟಿಕೇಟು ಅಂತಾರೆ. ಅದೂ ನಮ್ಮ ದೇಶದ್ದಲ್ಲ, ಅಮೇರಿಕಾದ್ದು. ಈಗಿನದೂ ಅಲ್ಲ, ನೂರು ವರ್ಷ ಹಿಂದಿನದು. ಕೊಳ್ಳುವುದು ಹರಾಜಿನಲ್ಲಿ. ಎಪ್ಪತ್ತರ ದಶಕದ ಸೋಲಾಪುರದಲ್ಲಿ ಗಿರಣಿಯ ಗುಮಾಸ್ತನೊಬ್ಬ ಇಷ್ಟು ಹೇಳಿದರೆ ಸಾಕು, ಎದುರಿಗಿದ್ದವರು ಮೊದಲು ನನ್ನ ಮುಖ ನೋಡುತ್ತಿದ್ದರು, ಆಮೇಲೆ ನನ್ನ ಹೆಂಡತಿಯ ಮುಖ ನೋಡಿ ಪಾಪ ಅನ್ನುತ್ತಿದ್ದರು.

ಪಾಪ ಅನ್ನುವಂಥದ್ದು ನಾನೇನೂ ಮಾಡಿರಲಿಲ್ಲ. ಕುಡಿತವಿಲ್ಲ, ಇಸ್ಪೀಟಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು ಟಿಕೇಟು. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದು, ಕಂದು ಬಣ್ಣದ್ದು, ಎರಡು ಸೆಂಟಿನದು. ಅದರ ಮೇಲೆ ಟಪಾಲು ಒಯ್ಯುವವನೊಬ್ಬ ಕುದುರೆ ಓಡಿಸಿಕೊಂಡು ಹೊರಟಿದ್ದಾನೆ. ನಮ್ಮಪ್ಪ ಅಕ್ಕಲಕೋಟದಿಂದ ನಮ್ಮೂರು ಮೈಂದರ್ಗಿಗೆ ಟಪಾಲಿನ ಚೀಲ ಹೊತ್ತು ನಡೆದವನು. ನಿವೃತ್ತಿಯಾಗುವ ತನಕ ಅವನಿಗೆ ಕುದುರೆಯಿರಲಿ, ಸೈಕಲ್ಲೂ ಸಿಗಲಿಲ್ಲ. ಸೋಲಾಪುರದಲ್ಲಿ ನಮ್ಮ ಮನೆಯಿದ್ದ ನವಿ ಪೇಠದ ರದ್ದಿ ಅಂಗಡಿಯಲ್ಲಿ ಒಂದು ಹಳೆಯ ಪುಸ್ತಕದೊಳಗೆ ಆ ಸವಾರನ ಚಿತ್ರ ಕಂಡ ದಿನ, ಟಪಾಲಿನವನನ್ನು ಕುದುರೆಯ ಮೇಲೆ ಕೂರಿಸಿ ಟಿಕೇಟು ಅಚ್ಚು ಹಾಕಿದ ಸರಕಾರವೂ ಒಂದಿತ್ತಲ್ಲ ಅಂತ ಆ ಪುಟವನ್ನು ಮತ್ತೆ ಮತ್ತೆ ತಿರುವಿ ನೋಡಿದೆ. ಅದನ್ನು ತಂದು ಅಪ್ಪನ ಕೈಯಲ್ಲಿಡಬೇಕು ಅಂತ ಅಲ್ಲಿಯೇ ನಿಶ್ಚಯ ಮಾಡಿದೆ. ಊರೆಲ್ಲ ಬೇಡ ಅಂದಿತು. ಅವರು ಬೇಡ ಅಂದಷ್ಟೂ ನನಗೆ ಹಟ ಹೆಚ್ಚಾಯಿತು.

೧. ಸಾಹೇಬರ ಟಿಪ್ಪಣಿ

ಹರಾಜು ನಡೆಯುತ್ತಿದ್ದದ್ದು ಮುಂಬಯಿಯಲ್ಲಿ. ಅಲ್ಲಿನ ವ್ಯಾಪಾರಿಯೊಬ್ಬ ಮೊದಲೇ ಕ್ಯಾಟಲಾಗು ಕಳಿಸುತ್ತಿದ್ದ. ನಮಗೆ ಬೇಕಾದ ಲಾಟಿನ, ಅಂದರೆ ಹರಾಜಿಗಿಟ್ಟ ವಸ್ತುವಿನ, ನಂಬರು ಬರೆದು, ಎಷ್ಟರವರೆಗೆ ಏರಬಹುದು ಅಂತ ತಿಳಿಸಿದರೆ ಅವನೇ ನಮ್ಮ ಪರವಾಗಿ ಕೂಗುತ್ತಿದ್ದ. ಗಿರಣಿಯ ಆಫೀಸಿಗೆ ಬರುವ ಟಪಾಲು ಬಿಡಿಸುವ ಕೆಲಸ ನನ್ನದೇ ಆದ್ದರಿಂದ ಕ್ಯಾಟಲಾಗನ್ನು ಅಲ್ಲಿಗೇ ತರಿಸಿಕೊಳ್ಳುತ್ತಿದ್ದೆ. ಒಂದು ದಿನ ಅದು ನಮ್ಮ ಸಾಹೇಬರ ಕೈಗೆ ಸಿಕ್ಕಿತು.

“ಇದು ಹಚ್ಚಿದ್ರ ಕಾಗದ ಹೋಗ್ತದೇನು?” ಅಂತ ಕೇಳಿದರು.

“ಇಲ್ರೀ ಸಾಹೇಬ್ರ.”

“ಹೋಗೂದಿಲ್ಲ. ಅದಕ್ಕ ರೊಕ್ಕಾ ಜಾಸ್ತಿ?”

“ಹೌದ್ರೀ.”

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. “ಹಾಂಗಿದ್ರ ನಮ್ಮ ಗಿರಣಿಯೊಳಗಿನ ಹರದ ಚಾದರ ಎಲ್ಲಾ ಕಟ್ಟಿ ಅಮೇರಿಕಾಕ್ಕ ಕಳಸೂಣು ನಡೀರಿ” ಅಂದರು. ಇಡೀ ಆಫೀಸು ನಕ್ಕಿತು.

ಅವತ್ತಿನಿಂದ ನನ್ನ ಮೇಜು ಕಸದ ಬುಟ್ಟಿಯಾಯಿತು. ಯಾರಿಗೆ ಏನು ಕಾಗದ ಬಂದರೂ ಲಕೋಟೆ ಹರಿದು ನನ್ನ ಮುಂದೆ ಎಸೆಯುವರು. “ಹರಾಜಿಗೆ ಯಾಕ ಹೋಗ್ತೀರಿ, ಇಲ್ಲಿ ಫುಕಟ ಅದಾವ.” ಒಬ್ಬ ಜವಾನ ಮದುವೆಯ ಆಮಂತ್ರಣದ ಟಿಕೇಟು ಕೊಟ್ಟು ಬದಲಿಗೆ ಎರಡು ದಿನದ ರಜೆಗೆ ಶಿಫಾರಸು ಕೇಳಿದ. ನಾನು ಏನನ್ನೂ ಎಸೆಯಲಿಲ್ಲ, ಎಲ್ಲವನ್ನೂ ಒಂದು ಡಬ್ಬಿಯಲ್ಲಿ ಹಾಕಿಟ್ಟೆ. ಮುಖದ ಮೇಲೆ ಎಸೆದದ್ದನ್ನು ಜೋಪಾನ ಮಾಡಿದರೆ ಎಸೆದವನಿಗೇ ಕಸಿವಿಸಿ.

ವರ್ಷದ ಕೊನೆಗೆ ಸಾಹೇಬರು ನನ್ನ ಗುಪ್ತ ವರದಿಯಲ್ಲಿ ಬರೆದರು: “ಪ್ರಾಮಾಣಿಕ. ಕಸ ಆಯುವ ಚಟವಿದೆ.” ವರದಿಯಲ್ಲಿ ಕೆಟ್ಟ ಮಾತಿದ್ದರೆ ನೌಕರನಿಗೆ ತಿಳಿಸಿ ಉತ್ತರ ಪಡೆಯಬೇಕು ಅಂತ ಗಿರಣಿಯ ನಿಯಮ. ನನಗೂ ಕಾಗದ ಬಂತು. ಸ್ವಚ್ಛ ಅಕ್ಷರದಲ್ಲಿ ಉತ್ತರ ಬರೆದುಕೊಟ್ಟೆ: “ಮಾನ್ಯರು ಬರೆದ ಎರಡೂ ಮಾತು ಸರಿಯಾಗಿವೆ. ಎರಡನ್ನೂ ಮುಂದುವರಿಸುತ್ತೇನೆ.”

೨. ಲಾಟ್ ನಂಬರು ೧೨೭

ಒಂದು ಸಲ ಕ್ಯಾಟಲಾಗು ತಡವಾಗಿ ಬಂತು. ತೆರೆದರೆ ನನ್ನ ಸವಾರ ಇದ್ದಾನೆ, ಲಾಟ್ ನಂಬರು ೧೨೭. ಹರಾಜು ನಾಡಿದ್ದು. ಪತ್ರ ಬರೆದರೆ ಮುಟ್ಟುವುದಿಲ್ಲ. ಆಫೀಸಿಗೆ ಅರ್ಧ ದಿನ ರಜೆ ಹಾಕಿ ತಾರು ಕಳಿಸಲು ಟೆಲಿಗ್ರಾಫ್ ಆಫೀಸಿಗೆ ಓಡಿದೆ. ಶಬ್ದಕ್ಕಿಷ್ಟು ಅಂತ ದುಡ್ಡು ತೆಗೆದುಕೊಳ್ಳುತ್ತಾರೆ, ಹಾಗಾಗಿ ಚುಟುಕಾಗಿ ಬರೆದೆ: “೧೨೭. ಮುನ್ನೂರು ತನಕ. ಬಿಡಬೇಡಿ.”

ತಾರಿನ ಗುಮಾಸ್ತ ಅದನ್ನು ಓದಿದ, ನನ್ನನ್ನು ನೋಡಿದ, ಮತ್ತೆ ಓದಿದ. ದನಿ ತಗ್ಗಿಸಿ ಕೇಳಿದ, “ಮುಂಬಯಿ ಪಾರ್ಟಿ ಖಾತ್ರಿ ಏನ್ರಿ?”

“ಅಗದೀ ಖಾತ್ರಿ” ಅಂದೆ. ವ್ಯಾಪಾರಿಯ ಪ್ರಾಮಾಣಿಕತೆ ಕೇಳುತ್ತಿದ್ದಾನೆ ಅಂದುಕೊಂಡಿದ್ದೆ.

ಆ ದಿನಗಳಲ್ಲಿ ಸೋಲಾಪುರದ ಗಲ್ಲಿಗಲ್ಲಿಯಲ್ಲಿ ಮಟ್ಕಾ ಜೂಜು. ಮುಂಬಯಿಯಲ್ಲಿ ಅಂಕಿ ತೆಗೆಯುವುದು, ಇಲ್ಲಿ ಜನ ಅದರ ಮೇಲೆ ದುಡ್ಡು ಕಟ್ಟುವುದು. ಯಾರ ಕನಸಿನಲ್ಲಿ ಯಾವ ಅಂಕಿ ಬಂತು, ಯಾವ ಸಾಧು ಎಷ್ಟು ಬೆರಳು ತೋರಿಸಿದ ಅಂತ ಹುಡುಕುತ್ತಿದ್ದ ಜನರಿಗೆ ಸೀದಾ ಮುಂಬಯಿಗೆ ಹೋದ ತಾರೇ ಸಿಕ್ಕಿತು. ನಾನು ಮನೆ ಮುಟ್ಟುವುದರೊಳಗೆ ಪಾನಿನ ಅಂಗಡಿಯವನಿಂದ ಹಿಡಿದು ಬಟ್ಟೆ ಅಂಗಡಿಯಲ್ಲಿ ಅಳೆದು ಕೊಡುವ ಮಾಪಿನವನ ತನಕ ನವಿ ಪೇಠದ ಅರ್ಧ ಜನ ೧೨೭ರ ಮೇಲೆ ದುಡ್ಡು ಕಟ್ಟಿದ್ದರು.

ಮತ್ತು ಆ ಅಂಕಿ ಬಂತು!

ಬೆಳಿಗ್ಗೆ ಎದ್ದರೆ ಬಾಗಿಲಲ್ಲಿ ಪೇಢೆಯ ಪೊಟ್ಟಣಗಳು. ಪಾನಿನವ ಬಗ್ಗಿ ಕಾಲು ಮುಟ್ಟಿದ. ಮಾಪಿನವ ನನ್ನ ಹೆಂಡತಿಗೆ ಕುಪ್ಪಸಕ್ಕೆ ಖಣದ ತುಂಡು ತಂದುಕೊಟ್ಟ. ನಾನು ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ಐದು ದಿನದ ಮೇಲೆ ಮುಂಬಯಿಯಿಂದ ಕಾಗದ ಬಂತು. ಯಾರೋ ಸೇಠ್ ಮುನ್ನೂರ ಹತ್ತು ಕೂಗಿ ಸವಾರನನ್ನು ಒಯ್ದಿದ್ದ.

ಹೆಂಡತಿ ಉಳಿದಿದ್ದ ಪೇಢೆ ಮುರಿದು ಬಾಯಿಗೆ ಹಾಕಿಕೊಳ್ಳುತ್ತ ಅಂದಳು, “ಇಡೀ ಪೇಠಿನಾಗ ಆ ನಂಬರಿನಿಂದ ಸೋತಾವ್ರು ನೀವೊಬ್ಬರ ನೋಡ್ರಿ.”

೩. ಬಸ್ಸಿನ ತಂತಿ

ಅಳಿಯ ಮಟ್ಕಾ ಆಡುತ್ತಾನೆ ಅನ್ನುವ ಸುದ್ದಿ ಅಕ್ಕಲಕೋಟಕ್ಕೆ ನನಗಿಂತ ಮೊದಲು ಹೋಯಿತು. ಮಾವನವರು ಅಲ್ಲಿನ ಸಾಲೆಯಲ್ಲಿ ಹೆಡ್‌ಮಾಸ್ತರರಾಗಿ ನಿವೃತ್ತರಾದವರು. ಕರಿ ಟೋಪಿ, ಗುಂಡಿ ಹಾಕಿದ ಕೋಟು, ಬೈಯುವುದನ್ನೂ ಪಾಠದ ಹಾಗೆ ನಿಧಾನವಾಗಿ ಬೈಯುವವರು. ಕೂಡಲೇ ಬರ್ರಿ ಅಂತ ಕಾರ್ಡು ಬರೆದರು. ಅಷ್ಟರ ತನಕ ಕೂಡಿಸಿದ ಟಿಕೇಟುಗಳ ಆಲ್ಬಮ್ ಕಂಕುಳಲ್ಲಿಟ್ಟುಕೊಂಡು ಹೆಂಡತಿಯ ಜೊತೆ ಹೋದೆ. ಮಟ್ಕಾ ಅಲ್ಲ, ಹರಾಜು ಅಂತ ಬಿಡಿಸಿ ಹೇಳಿದೆ. ಕೇಳಿದ ಮೇಲೆ ಅವರಿಗೆ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

“ಮಟ್ಕಾ ಆದ್ರ ಒಮ್ಮೆರ ಗೆಲ್ತಾರ. ಇದರಾಗ ಏನು ಸಿಗ್ತದರಿ? ಹಳೇ ಕಾಗದದ ತುಂಡು ಕೂಡಿಸೂದು ಶಾಣ್ಯಾರ ಲಕ್ಷಣ ಅಲ್ಲ ಅಳಿಯಂದ್ರ.”

ನಾನು ಸುಮ್ಮನೆ ಕೂಡುವ ಜಾತಿಯವನಲ್ಲ. ಅವರ ಕುರ್ಚಿಯ ಹಿಂದೆ ಗೋಡೆಗೆ ಒಂದು ತಂತಿ ನೇತಾಡುತ್ತಿತ್ತು. ಅದಕ್ಕೆ ಪೋಣಿಸಿದ್ದದ್ದು ಬಸ್ಸಿನ ಟಿಕೇಟು. ನಿವೃತ್ತಿಯಾದ ದಿನದಿಂದ ಮಾವನವರು ಸೋಲಾಪುರಕ್ಕೆ, ದುಧನಿಗೆ, ಎಲ್ಲಿಗೆ ಹೋಗಿ ಬಂದರೂ ಟಿಕೇಟು ತಂದು ತಂತಿಗೆ ಚುಚ್ಚುತ್ತಿದ್ದರು. ನಾಳೆ ಯಾವನಾದರೂ ಕೇಳಿದರೆ ಪುರಾವೆ ಇರಬೇಕಂತೆ. ಇಷ್ಟು ವರ್ಷದಲ್ಲಿ ಒಬ್ಬನೂ ಕೇಳಿರಲಿಲ್ಲ.

“ಮಾವಾರ, ಅವೇನು?” ಅಂತ ಬೆರಳು ತೋರಿಸಿದೆ.

ಅತ್ತೆ ಒಳಗೆ ಚಹಾ ಸೋಸುತ್ತಿದ್ದವರು ಸೋಸುವುದನ್ನು ನಿಲ್ಲಿಸಿದರು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಮಾವನವರು ತಿರುಗಿ ತಂತಿ ನೋಡಿದರು.

“ಅವು ಬ್ಯಾರೆ” ಅಂದರು. “ಅವನ್ನ ನಾ ಹರಾಜಿನಾಗ ತಗೊಂಡಿಲ್ಲ. ಪ್ರವಾಸ ಮಾಡಿ ಗಳಿಸೀನಿ.”

ಹೀಗೆ ಸೋತವರು ಸುಮ್ಮನೆ ಬಿಡುತ್ತಾರೆಯೇ? ಒಂದು ಕರಾರು ಹಾಕಿದರು. ಮುಂದಿನ ಹರಾಜಿನಲ್ಲಿ ಕುದುರೆ ಸಿಕ್ಕರೆ ಸರಿ. ಸಿಗದಿದ್ದರೆ ಆಲ್ಬಮ್ ಅವರ ಕೈಗೆ ಕೊಡಬೇಕು, ಅದನ್ನು ಅವರು ಸಾಲೆಗೆ ಕೊಡುತ್ತಾರೆ, ಹುಡುಗರು ಭೂಗೋಳ ಕಲಿಯುತ್ತಾರೆ. ನಾನು ಹೂಂ ಅಂದೆ. ಹಟಕ್ಕೆ ಬಿದ್ದು ಅಂದದ್ದು. ಬಸ್ಸಿನಲ್ಲಿ ಕೂತ ಮೇಲೆ ಆಲ್ಬಮ್ಮನ್ನು ಎದೆಗೆ ಒತ್ತಿಕೊಂಡೆ. ಮಾವನವರು ಕಿಟಕಿಯ ಹತ್ತಿರ ಬಂದು ಹೇಳಿದರು, “ಇಳಿದ ಮ್ಯಾಲ ಟಿಕೇಟು ಒಗೀಬ್ಯಾಡ್ರಿ. ನನಗ ತಂದುಕೊಡ್ರಿ.”

೪. ಎತ್ತಿದ ಕೈ

ಮುಂದಿನ ಹರಾಜು ಸೋಲಾಪುರದಲ್ಲೇ ಆಯಿತು. ಊರಿನ ಒಂದು ಸಭಾಗೃಹದಲ್ಲಿ ಟಿಕೇಟು ಸಂಗ್ರಹಕಾರರ ಪ್ರದರ್ಶನ, ಕೊನೆಯ ದಿನ ಮುಂಬಯಿಯ ಅದೇ ವ್ಯಾಪಾರಿಯಿಂದ ಹರಾಜು. ಪಟ್ಟಿಯಲ್ಲಿ ಇನ್ನೊಬ್ಬ ಸವಾರ ಇದ್ದ, ಅದೂ ಒಮ್ಮೆಯೂ ಬಳಸದ, ಹಿಂದಿನ ಗೋಂದು ಕೂಡ ಹಾಗೇ ಇರುವ ಕೋರಾ ಟಿಕೇಟು. ಅಂಥದ್ದು ಸಿಗುವುದು ಅಪರೂಪ. ನಾನು ಸೋಲುವುದನ್ನು ಕಣ್ಣಾರೆ ನೋಡಬೇಕು ಅಂತ ಮಾವನವರು ಬೆಳಗಿನ ಬಸ್ಸಿಗೇ ಬಂದು ಮೊದಲ ಸಾಲಿನಲ್ಲಿ ಕೂತರು. ನಾನು, ಹೆಂಡತಿ ಅವರ ಹಿಂದೆ.

ಮುಂಬಯಿಯ ಸೇಠ್ ಒಬ್ಬ ರೇಷ್ಮೆ ಜುಬ್ಬಾ ತೊಟ್ಟು ಬಂದಿದ್ದ. ನಾನು ಕೂಗಿದ್ದಕ್ಕೆಲ್ಲ ಅವನು ತಿರುಗಿ ಕೂಡ ನೋಡದೆ ಹತ್ತು ರೂಪಾಯಿ ಹೆಚ್ಚಿಸುತ್ತಿದ್ದ. ಗುಮಾಸ್ತನ ಪಗಾರ ಎಷ್ಟು ದೂರ ಓಡೀತು? ನನ್ನ ಶಕ್ತಿ ಮುಗಿಯಿತು. ಆದರೂ ಬಾಯಿ ನಿಲ್ಲಲಿಲ್ಲ, ಇನ್ನೊಂದು ಸಲ ಕೂಗಿದೆ. ಇದು ಅತಿಯಾಯಿತು ಅಂತ ಮಾವನವರು ಎದ್ದು ನಿಂತು ಬಲಗೈ ಎತ್ತಿದರು. ಮೂವತ್ತು ವರ್ಷ ಗದ್ದಲದ ವರ್ಗವನ್ನು ಸುಮ್ಮನಾಗಿಸಿದ ಕೈ ಅದು. ಮಾತಿಲ್ಲ, ಕೈ ಅಷ್ಟೇ.

ಹರಾಜಿನವ ಹತ್ತು ಹೆಚ್ಚು ಅಂತ ಕೂಗಿದ. ಸೇಠ್ ಏರಿಸಿದ. ಸದ್ದು ನಿಲ್ಲಲಿಲ್ಲ ಅಂತ ಮಾವನವರು ಕೈ ಇಳಿಸಲಿಲ್ಲ. ಹರಾಜಿನವ ಮತ್ತೆ ಹತ್ತು ಸೇರಿಸಿದ. ಸೇಠ್ ಮೊದಲ ಸಲ ತಿರುಗಿ ನೋಡಿದ. ಕರಿ ಟೋಪಿ, ಗುಂಡಿ ಕೋಟು, ಅಲುಗದ ಕೈ, ಎವೆ ಬಡಿಯದ ಕಣ್ಣು. ಯಾವುದೋ ಸಂಸ್ಥಾನದ ದಿವಾನರೇ ಬಂದಿರಬೇಕು, ಇವರ ಜೊತೆ ಪೈಪೋಟಿ ಆಗುವುದಿಲ್ಲ ಅಂದುಕೊಂಡನೋ ಏನೋ, ತಲೆ ಅಲ್ಲಾಡಿಸಿ ಕೂತುಬಿಟ್ಟ. ಸುತ್ತಿಗೆ ಬಿತ್ತು. ಸಭಾಗೃಹ ನಿಶ್ಶಬ್ದವಾಯಿತು. ಆಗ ಮಾವನವರು ಸಮಾಧಾನದಿಂದ ಕೈ ಇಳಿಸಿದರು.

“ಅಭಿನಂದನೆ. ಕುದುರೆ ನಿಮ್ಮದು” ಅಂದ ಹರಾಜಿನವ.

ತಪ್ಪಾಯಿತು ಅನ್ನುವುದು ಮಾವನವರ ಬಾಯಿಂದ ಆ ತನಕ ಯಾರೂ ಕೇಳಿರಲಿಲ್ಲ, ಅವತ್ತೂ ಕೇಳಲಿಲ್ಲ. ನನ್ನ ಹತ್ತಿರ ಇದ್ದದ್ದನ್ನು ಇಸಿದುಕೊಂಡು, ಉಳಿದದ್ದನ್ನು ಕೋಟಿನ ಒಳಜೇಬಿನಿಂದ ತೆಗೆದು ಎಣಿಸಿದರು. ಟಿಕೇಟಿನ ಲಕೋಟೆ ನನ್ನ ಕೈಗಿಟ್ಟು ಅಂದರು, “ಅಳಿಯಂದ್ರ, ಹರಾಜು ಅಂದ್ರ ಹಿಂಗ ಕೂಗಬೇಕು.”

೫. ಮೈಂದರ್ಗಿಯ ಸಹಿ

ಮುಂದಿನ ಭಾನುವಾರವೇ ಹೆಂಡತಿಯನ್ನು ಕರೆದುಕೊಂಡು ಮೈಂದರ್ಗಿಗೆ ಹೋದೆ. ಆಲ್ಬಮ್ಮಿನ ಮೊದಲ ಪುಟದಲ್ಲಿ ಸವಾರನೊಬ್ಬನೇ ಇದ್ದ. ಅಪ್ಪ ಕಟ್ಟೆಯ ಮೇಲೆ ಕೂತು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು ಆಲ್ಬಮ್ ತೊಡೆಯ ಮೇಲಿಟ್ಟುಕೊಂಡ.

“ನಮ್ಮಾಂವ?” ಅಂದ.

“ಹೂಂ ಯಪ್ಪಾ. ನಿಮ್ಮ ಇಲಾಖೆದಾಂವ. ಅಮೇರಿಕಾದಾಂವ.”

“ಕುದುರಿ ಕೊಟ್ಟಾರ ಮಗಗ” ಅಂದು ಅಪ್ಪ ಆಲ್ಬಮ್ಮನ್ನು ಕಣ್ಣಿನ ಹತ್ತಿರ ತಂದ. ಅವನ ಮುಖ ಅರಳಿತು. ನಾನು ಇಷ್ಟು ವರ್ಷ ಕಾದದ್ದು ಇದಕ್ಕೇ. ನಕ್ಕವರೆಲ್ಲ ಇಲ್ಲಿ ಬಂದು ಈ ಮುಖ ನೋಡಲಿ ಅಂತ ಮನಸ್ಸಿನಲ್ಲಿ ಅಂದುಕೊಂಡೆ.

“ಪೆನ್ನು ಕೊಡು” ಅಂದ ಅಪ್ಪ.

ಪುಟದ ಮೇಲೆ ಹೆಸರು ಬರೆಯುತ್ತಾನೆ ಅಂತ ನನಗೆ ಹಿಗ್ಗು. ಜೇಬಿನಿಂದ ಪೆನ್ನು ತೆಗೆದು, ಟೊಪ್ಪಿಗೆ ಬಿಚ್ಚಿ, ನಾನೇ ಕೊಟ್ಟೆ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ಕುದುರೆಯ ತಲೆಯಿಂದ ಬಾಲದ ತನಕ ಒಂದು ಗೀಟು ಎಳೆದ. ಅಡ್ಡಡ್ಡ ಇನ್ನೊಂದು ಎಳೆದ. ಮೂಲೆಯಲ್ಲಿ ಸಣ್ಣಗೆ ಸಹಿ ಮಾಡಿ, ತಾರೀಖು ಹಾಕಿ, ಮಸಿ ಆರಲಿ ಅಂತ ಉಫ್ ಅಂತ ಊದಿದ.

ನಾನು ಪೆನ್ನು ಕಸಿದುಕೊಂಡೆ. “ಯಪ್ಪಾ, ಏನು ಮಾಡಿದಿ?”

“ಕೋರಾ ಟಿಕೇಟು ಐತಲ್ಲೋ. ಯಾವನಾರ ಕಿತಗೊಂಡು ಕಾಗದಕ್ಕ ಹಚ್ಚಿದ್ರ ಸರಕಾರಕ್ಕ ಲುಕ್ಸಾನ. ಮುದ್ರಿ ತಪ್ಪಿಸಿ ಬಂದ ಟಿಕೇಟು ಕಂಡ್ರ ಟಪಾಲು ಮುಟ್ಟಸಾಂವ ಗೀಟು ಹೊಡದು ಸಹಿ ಮಾಡಬೇಕು. ಕಾಯ್ದೆ ಐತಿ.”

“ಅದು ನೂರು ವರ್ಷದ್ದು ಯಪ್ಪಾ.”

“ಅದನ್ನ ಹೇಳಾಕತ್ತೀನಿ” ಅಂದ ಅಪ್ಪ, ಇಲಾಖೆಯ ಮೇಲೆ ನಿಜವಾಗಿ ಸಿಟ್ಟಾಗಿ. “ನೂರು ವರ್ಷ ಆತು, ಒಬ್ಬ ಮಗಾನೂ ಮುದ್ರಿ ಹೊಡದಿಲ್ಲ ನೋಡು. ಅಲ್ಲಿ ಯಾರೂ ಕೆಲಸಾನ ಮಾಡೂದಿಲ್ಲೇನು?”

ಹೆಂಡತಿ ನಗು ತಡೆಯಲಾರದೆ ಒಳಗೆ ಹೋದಳು. ನಾನು ಅಳಬೇಕು ಅಂತಿದ್ದವನು ಅಪ್ಪನ ಮುಖ ನೋಡಿದೆ. ಒಂದು ಬಾಕಿ ಕೆಲಸ ಮುಗಿಸಿದವನ ಮುಖ ಅದು. ನನಗೂ ನಗು ಬಂತು.

ಸುದ್ದಿ ಮುಂಬಯಿ ತನಕ ಹೋಯಿತು. ಟಿಕೇಟಿಗೆ ಈಗ ಕವಡೆ ಕಾಸಿನ ಬೆಲೆಯೂ ಇಲ್ಲ, ಗೀಟು ಅಳಿಸುವ ಜಾಣರು ತನಗೆ ಗೊತ್ತು, ಕಳಿಸಿಕೊಡಿ ಅಂತ ಆ ವ್ಯಾಪಾರಿ ಕನಿಕರಪಟ್ಟು ಕಾಗದ ಬರೆದ. ನಾನು ಮರುಟಪಾಲಿಗೆ ಬರೆದೆ: “ಮೈಂದರ್ಗಿಯ ಟಪಾಲಿನವರು ಖುದ್ದು ಸಹಿ ಮಾಡಿದ್ದಾರೆ. ಅದನ್ನು ಅಳಿಸುವ ಅಧಿಕಾರ ಅಮೇರಿಕಾದ ಅಧ್ಯಕ್ಷನಿಗೂ ಇಲ್ಲ.”