ನಾಳೆ ಟೈಲರನ ರಕ್ತಕ್ಕೆ ಬಿದ್ದ ಮಾರ್ಕು

ಅಂಗೈಯಷ್ಟಗಲದ ಆ ಯಂತ್ರ ಮನೆಗೆ ಬಂದದ್ದೇ ದರ್ಜಿಯ ಫಜೀತಿಗೆಲ್ಲ ಮೂಲ.

ಬೀದಿಯವರು ಅವನನ್ನು ಕರೆಯುತ್ತಿದ್ದದ್ದು ನಾಳೆ ಟೈಲರ್ ಎಂದು. ಯಾರ ಬಟ್ಟೆ ಯಾವತ್ತು ಕೇಳಿದರೂ ‘ನಾಳೆ ಬನ್ನಿ’ ಎನ್ನುವುದು ಅವನ ಬಾಯಿಪಾಠ. ತಪ್ಪು ಪೂರ್ತಿ ಅವನದಲ್ಲ. ಹೃದಯದಲ್ಲಿ ಕೆಟ್ಟಿದ್ದ ಕವಾಟ ತೆಗೆದು ಲೋಹದ್ದೊಂದನ್ನು ಕೂರಿಸಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟದಿರಲೆಂದು ದಿನಾ ವಾರ್ಫರಿನ್ ಮಾತ್ರೆ. ಮಾತ್ರೆ ಸಾಲದಿದ್ದರೆ ರಕ್ತ ಗಟ್ಟಿಯಾಗುತ್ತದೆ, ಹೆಚ್ಚಾದರೆ ಸಣ್ಣ ಗಾಯವೂ ನಲ್ಲಿಯಂತೆ ಸೋರುತ್ತದೆ. ಎರಡರ ನಡುವಿನ ಹದ ನೋಡುವ ಪರೀಕ್ಷೆಗೆಂದು ವಾರ ವಾರ ಆಸ್ಪತ್ರೆಯಲ್ಲಿ ಅರ್ಧ ದಿನ ಕಾಯಬೇಕಿತ್ತು. ಹೊಲಿಗೆ ಯಂತ್ರ ಅಷ್ಟು ಹೊತ್ತೂ ಮುಸುಕು ಹೊದ್ದು ಮಲಗುತ್ತಿತ್ತು.

ಈಗ ಆ ಕಾಟ ತಪ್ಪಿತು. ಮನೆಯಲ್ಲೇ ಬೆರಳು ಚುಚ್ಚಿ, ಒಂದು ಹನಿಯನ್ನು ಯಂತ್ರದ ಪಟ್ಟಿಗೆ ಮುಟ್ಟಿಸಿದರೆ ಅಂಕಿ ಮೂಡುತ್ತದೆ. ಎರಡೂವರೆಯಿಂದ ಮೂರೂವರೆಯೊಳಗೆ ಬಂದರೆ ಕ್ಷೇಮ. ಆಸ್ಪತ್ರೆಯ ಸಿಸ್ಟರ್ ಎಲ್ಲ ಹೇಳಿಕೊಟ್ಟಿದ್ದಳು. ಮದುವೆಯ ದಿನವೂ ಇಷ್ಟು ಹಿಗ್ಗಿರಲಿಲ್ಲವೇನೋ ಎಂಬಂತೆ ದರ್ಜಿ ಬೆಳಗ್ಗೆ ಎದ್ದವನೇ ಮೇಜು ಒರೆಸಿ, ಯಂತ್ರವನ್ನು ನಡುವೆ ಇಟ್ಟು, ಕೈ ತೊಳೆದು ಕೂತ.

ಕೂತ ಮೇಲೆ ಗೊತ್ತಾಯಿತು, ತನಗೆ ಚುಚ್ಚಿಕೊಳ್ಳಲು ಧೈರ್ಯವಿಲ್ಲ ಎಂದು.

“ಜೀವಮಾನವೆಲ್ಲ ಸೂಜಿ ಹಿಡ್ಕೊಂಡೇ ಬಂದಿದ್ದೀರಲ್ರೀ,” ಎಂದಳು ಹೆಂಡತಿ.

“ಅದು ಬಟ್ಟೆ ಕಣೇ. ಬಟ್ಟೆಗೆ ನೋವಾಗಲ್ಲ.”

ಕಣ್ಣು ಮುಚ್ಚಿ, ಚುಚ್ಚುವ ಪೆನ್ನಿನ ಗುಂಡಿ ಒತ್ತಿದ. ಟಕ್ ಎಂದಿತು. ಕಣ್ಣು ಬಿಟ್ಟು, ಹನಿ ಹುಡುಕಿ, ಪಟ್ಟಿ ಹುಡುಕುವಷ್ಟರಲ್ಲಿ ಹೊತ್ತು ಮೀರಿತ್ತು. ಯಂತ್ರ ಅಂಕಿಯ ಬದಲು ತಪ್ಪು ಎಂದು ತೋರಿಸಿ ಕಿರುಗುಟ್ಟಿತು. ಎರಡನೆಯ ಪಟ್ಟಿಗೆ ಹನಿ ಸಾಸಿವೆ ಕಾಳಿಗಿಂತ ಚಿಕ್ಕದಾಯಿತು. ಮತ್ತೆ ಕಿರುಗುಟ್ಟಿತು.

ಆ ಸದ್ದಿಗೆ ಪಕ್ಕದ ಮನೆಯ ನಿವೃತ್ತ ಹೆಡ್ಮೇಷ್ಟ್ರು ಪೇಪರು ಮಡಚಿಕೊಂಡು ಒಳಗೆ ಬಂದರು. ಅವರ ಹಿಂದೆಯೇ ದರ್ಜಿಯ ಬಾಮೈದ. ಅಕ್ಕನ ಮನೆಯಲ್ಲಿ ಏನಾದರೂ ನಡೆಯುತ್ತಿದೆ ಎಂದರೆ ಅವನಿಗೆ ಗಾಳಿಯಲ್ಲೇ ವಾಸನೆ ಬರುತ್ತಿತ್ತು.

“ಕೈ ಕೆಳಗೆ ಇಳಿಬಿಡಯ್ಯಾ, ರಕ್ತ ಇಳೀಲಿ,” ಎಂದರು ಮೇಷ್ಟ್ರು.

“ಬಿಸಿನೀರಲ್ಲಿ ಅದ್ದಿ ಭಾವ,” ಎಂದ ಬಾಮೈದ.

ದರ್ಜಿ ಒಂದು ಕೈ ಅದ್ದಿ, ಇನ್ನೊಂದು ಕೈ ಇಳಿಬಿಟ್ಟು, ಒಣಗಲು ಹಾಕಿದ ಅಂಗಿಯಂತೆ ನಿಂತ. ಮೇಷ್ಟ್ರ ತಾಳ್ಮೆ ಅಲ್ಲಿಗೇ ಮುಗಿಯಿತು. “ಇಲ್ನೋಡು, ಹೀಗೆ,” ಎಂದು ಪೆನ್ನಿಗೆ ಹೊಸ ಸೂಜಿ ಸಿಕ್ಕಿಸಿ ತಮ್ಮದೇ ಬೆರಳು ಚುಚ್ಚಿ, ದುಂಡನೆಯ ಹನಿಯನ್ನು ನಾಜೂಕಾಗಿ ಪಟ್ಟಿಗೆ ಮುಟ್ಟಿಸಿದರು. ಪಟ್ಟಿ ಹಾಳಾಯಿತಲ್ಲ ಎಂದು ದರ್ಜಿ ಬಾಯಿ ತೆರೆಯುವ ಮೊದಲೇ ಅಂಕಿ ಮೂಡಿತು.

ಒಂದು.

“ಒಂದೇ?” ಎಂದರು ಮೇಷ್ಟ್ರು. ಅವರ ಮುಖ ಬಿಳುಚಿತು. “ಎಷ್ಟಕ್ಕೆ ಒಂದು?”

“ಮೂರೂವರೆವರೆಗೆ ಹೋಗ್ಬಹುದು ಅಂದಿದ್ರು,” ಎಂದಳು ಹೆಂಡತಿ ಮೆಲ್ಲಗೆ.

ಸಾವಿರಾರು ಮಕ್ಕಳನ್ನು ಫೇಲು ಮಾಡಿದ ಮನುಷ್ಯ ಕುರ್ಚಿಯಲ್ಲಿ ಕುಸಿದರು. ಅಷ್ಟರಲ್ಲಿ ಬಾಮೈದನೂ ಬೆರಳು ಚುಚ್ಚಿಕೊಂಡಿದ್ದ. ಒಂದು ಪಾಯಿಂಟ್ ಒಂದು. “ಮೇಷ್ಟ್ರಿಗಿಂತ ಜಾಸ್ತಿ ಅಕ್ಕಾ,” ಎಂದು ಅವನು ಬೆರಳನ್ನು ಪದಕದಂತೆ ಎತ್ತಿ ಹಿಡಿದ. “ಈ ಯಂತ್ರ ಸರಿಯಿಲ್ಲ,” ಎಂದರು ಮೇಷ್ಟ್ರು.

ಉಳಿದದ್ದು ಒಂದೇ ಪಟ್ಟಿ. ಇನ್ನು ತಡ ಮಾಡಿದರೆ ಅದೂ ಯಾರದೋ ಬೆರಳಿಗೆ ಹೋಗುತ್ತದೆ ಎಂಬ ಭಯ ಚುಚ್ಚುವ ಭಯವನ್ನು ಮೀರಿತು. ದರ್ಜಿ ಹಲ್ಲು ಕಚ್ಚಿ ಒತ್ತಿದ. ಹನಿ ಕೆಂಪು ಗುಂಡಿಯಂತೆ ಎದ್ದು ನಿಂತಿತು. ಮುಟ್ಟಿಸಿದ. ನಾಲ್ಕೂ ತಲೆಗಳು ಯಂತ್ರದ ಮೇಲೆ ಬಾಗಿದವು.

ಎರಡು ಪಾಯಿಂಟ್ ಎಂಟು.

ಬಾಮೈದ ಶಿಳ್ಳೆ ಹಾಕಿದ. ಹೆಂಡತಿ ಕಣ್ಣೊರೆಸಿಕೊಂಡಳು. ಶಾಲೆಯಲ್ಲಿ ಒಂದು ದಿನವೂ ಮೊದಲನೆಯವನಾಗದ ದರ್ಜಿಗೆ ಎದೆ ಉಬ್ಬಿ ಅಂಗಿಯ ಗುಂಡಿ ಬಿಗಿಯಾಯಿತು. ಮೇಷ್ಟ್ರು ಎದ್ದು, ಒಲ್ಲದ ಮನಸ್ಸಿನಿಂದ ಅವನ ಕೈ ಕುಲುಕಿದರು.

ಆಗಲೇ ಫೋನು ಬಡಿದುಕೊಂಡಿತು. ಹೆಂಡತಿ ಎತ್ತಿ ಸ್ಪೀಕರಿಗೆ ಹಾಕಿದಳು.

“ಆಸ್ಪತ್ರೆಯಿಂದ,” ಎಂದಳು ಸಿಸ್ಟರ್. “ನಿಮ್ಮ ಯಂತ್ರದ ಅಂಕಿ ಇಲ್ಲಿಗೆ ತಾನಾಗೇ ಬರುತ್ತೆ. ಎರಡು ಸಲ ಒಂದರ ಹತ್ರ ಬಂದಿದೆ, ಆಮೇಲಿನ ಎರಡು ಪಾಯಿಂಟ್ ಎಂಟನ್ನ ನಂಬೋ ಹಾಗಿಲ್ಲ. ಒಂದು ಅಂದ್ರೆ ಅಪಾಯ, ರಕ್ತ ಹೆಪ್ಪುಗಟ್ಟಿಬಿಡುತ್ತೆ. ಒಂದು ನಿಮಿಷಾನೂ ತಡ ಮಾಡ್ಬೇಡಿ, ಹೊರಟು ಬನ್ನಿ.”

“ಸಿಸ್ಟರ್, ಆ ಒಂದು ನಂದಲ್ಲ,” ಎಂದು ದರ್ಜಿ ಶುರು ಮಾಡಿದ. ಹೆಂಡತಿಯ ಅಳುವಿನಲ್ಲಿ ಅದು ಮುಳುಗಿಹೋಯಿತು. ಬಾಮೈದ ಅಷ್ಟರಲ್ಲೇ ತನ್ನ ಫೋನಿನಿಂದ ಆಂಬುಲೆನ್ಸಿಗೆ ವಿಳಾಸ ಹೇಳುತ್ತಿದ್ದ.

ಗಾಡಿ ಕೂಗುತ್ತ ಬಂದು ನಿಂತಿತು. ಕಿಟಕಿ ಕಿಟಕಿಯಲ್ಲೂ ತಲೆ. ಸ್ಟ್ರೆಚರ್ ಹಿಡಿದವನು ಬಾಗಿಲಲ್ಲಿ ನಿಂತು ಕೇಳಿದ: “ಒಂದು ಬಂದಿರೋ ಪೇಷೆಂಟ್ ಯಾರು?”

“ನಾನು,” ಎಂದರು ಹೆಡ್ಮೇಷ್ಟ್ರು.

ಯಾರಾದರೂ ತಡೆಯುವ ಮೊದಲೇ ಅವರು ಕನ್ನಡಕ ತೆಗೆದು, ಸ್ಟ್ರೆಚರ್ ಮೇಲೆ ಮಲಗಿ, ಎರಡೂ ಕೈ ಎದೆಯ ಮೇಲೆ ಇಟ್ಟುಕೊಂಡಾಗಿತ್ತು. “ನಂಗೆ ಒಂದು ಪಾಯಿಂಟ್ ಒಂದು,” ಎಂದು ಬಾಮೈದನೂ ಹತ್ತಿದ. “ಸ್ವಲ್ಪ ವಾಸಿ ಇದ್ದೀನಿ. ಕೂತ್ಕೊಂಡೇ ಬರ್ತೀನಿ.” ಬಾಗಿಲು ಮುಚ್ಚಿತು, ಗಾಡಿ ಹೋಯಿತು. ಕವಾಟದ ರೋಗಿ ಮಾತ್ರ ಹಾಕಿಕೊಂಡಿದ್ದ ಚಪ್ಪಲಿಯಲ್ಲೇ ಬೀದಿಯಲ್ಲಿ ನಿಂತಿದ್ದ.

ಅವನು ಬಸ್ಸು ಹಿಡಿದು, ಯಂತ್ರವನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಸಿಸ್ಟರ್ ಕೆಂಡವಾಗಿದ್ದಳು. “ಮಾತ್ರೆ ತಗೊಳ್ಳದೇ ಇರೋರಿಗೆ ಒಂದೇ ಬರೋದು. ಅವರಿಗೆ ಅದು ಸರಿ, ನಿಮಗೆ ಅಪಾಯ. ಇದೇನು ತೂಕದ ಯಂತ್ರವೇನ್ರೀ, ಬಂದವರೆಲ್ಲ ಹತ್ತಿ ನೋಡೋಕೆ?” ಎಂದು ಯಂತ್ರ ಕಿತ್ತುಕೊಂಡು, ಅವನ ತೋಳಿನಿಂದ ಮತ್ತೆ ರಕ್ತ ತೆಗೆದು ಒಳಗೆ ಕಳಿಸಿದಳು. ದರ್ಜಿ ಮಗುವಿನಂತೆ ಕಾದ. ಎರಡು ಪಾಯಿಂಟ್ ಎಂಟೇ ಬಂತು. ಸಿಸ್ಟರ್ ಮುಖ ಸಡಿಲವಾಯಿತು.

“ನಿಮ್ಮ ರಕ್ತಕ್ಕೆ ಏನೂ ಆಗಿಲ್ಲ. ಯಂತ್ರಾನೂ ಸರಿಯಾಗಿದೆ. ವಾಪಸ್ ಕೊಡ್ತೀನಿ.”

ದರ್ಜಿ ಕೈ ಮುಗಿದ. ಎದೆ ಮತ್ತೆ ಹಗುರವಾಯಿತು.

“ಆದ್ರೆ ನಿಮ್ಮ ಕೈಗಲ್ಲ,” ಎಂದಳು ಸಿಸ್ಟರ್. “ಎರಡು ಪಟ್ಟಿ ಹಾಳು ಮಾಡಿದ್ದೀರಿ. ನಿಮ್ಮ ಮನೇಲಿ ಎಲ್ರಿಗಿಂತ ಮೊದಲು ಸರಿಯಾಗಿ ಹನಿ ಹಾಕಿದವರು ಅವರು. ಜವಾಬ್ದಾರಿ ತಗೊಳ್ತೀನಿ ಅಂತ ಅವರೇ ಒಪ್ಕೊಂಡಿದ್ದಾರೆ.”

ಪರದೆ ಸರಿಸಿಕೊಂಡು ಹೆಡ್ಮೇಷ್ಟ್ರು ಬಂದರು. ಕೈಯಲ್ಲಿ ಆಸ್ಪತ್ರೆಯ ಚಹಾ, ಮುಖದಲ್ಲಿ ನಿವೃತ್ತಿಯಾದಂದಿನಿಂದ ಕಾಣದಿದ್ದ ಕಳೆ.

“ಸೋಮವಾರ ಬೆಳಗ್ಗೆ ಆರಕ್ಕೆ ನಮ್ಮನೇಲಿ,” ಎಂದರು. “ಉಗುರು ಕತ್ತರಿಸಿರಬೇಕು. ಕಣ್ಣು ಮುಚ್ಚೋ ಹಾಗಿಲ್ಲ.”

“ಆಗ್ಲಿ ಮೇಷ್ಟ್ರೇ. ಅರ್ಧ ಗಂಟೇಲಿ ಮುಗಿದ್ರೆ ಅಂಗಡಿ ತೆಗೀಬಹುದು.”

“ಅರ್ಧ ಗಂಟೆ ಎಲ್ಲಿ ಸಾಲುತ್ತಯ್ಯಾ. ಯಂತ್ರ ಇಟ್ಕೊಂಡೂ ಚುಚ್ಚಿಕೊಳ್ಳೋಕೆ ಹೆದರೋರು ಈ ವಾರ್ಡಿನಲ್ಲಿ ಎಷ್ಟು ಜನ ಇದ್ದಾರೆ ಗೊತ್ತಾ? ಎಲ್ರನ್ನೂ ಬರೋಕೆ ಹೇಳಿದ್ದೀನಿ. ಅವರವರ ಯಂತ್ರ ಅವರವರು ತರ್ತಾರೆ.”

ದರ್ಜಿ ಮೇಷ್ಟ್ರ ಹಿಂದೆ ನೋಡಿದ. ಮಂಚ ಮಂಚದಿಂದ ಮುಖಗಳು ಅವನತ್ತ ನೋಡಿ ನಗುತ್ತಿದ್ದವು.

“ದೂರದಿಂದ ಬರೋರಿಗೆ ಮೊದಲು,” ಎಂದರು ಮೇಷ್ಟ್ರು, ಚಹಾ ಊದುತ್ತ. “ನಿಂದು ಹೇಗೂ ಪಕ್ಕದ ಮನೆ ಅಲ್ವಾ. ನೀನು ಕೊನೇಲಿ.”