ಹಾರದ ಫ್ಯೂಜು

ವೈರಿಂಗ್ ಕೆಲಸದಲ್ಲಿ ನನಗೆ ಮೊದಲಿನಿಂದಲೂ ದೊಡ್ಡ ಹೆಸರಿದೆ. ಆ ಹೆಸರನ್ನು ನಾನೇ ಇಟ್ಟುಕೊಂಡದ್ದು ಎಂಬುದು ಬೇರೆ ಮಾತು. ಶಹಾಪುರದ ಹೈಸ್ಕೂಲಿನಲ್ಲಿ ನಾನು ಕಲಿಸುವುದು ಸಮಾಜ ವಿಜ್ಞಾನ. ಆದರೆ ಕಾಲುವೆಗೆ ಮೋಟರ್ ಇಟ್ಟು ಬತ್ತ ಬೆಳೆಯುವ ಮನೆತನದಲ್ಲಿ ಹುಟ್ಟಿದವನಿಗೆ ಕರೆಂಟಿನ ಬಗ್ಗೆ ಯಾರಾದರೂ ಹೇಳಿಕೊಡಬೇಕೆ?

ಹೇಳಿಕೊಡಬೇಕು ಎಂಬುದು ಹೆಂಡತಿಯ ತಂಗಿ ರೇಣುಕಾಳ ಮದುವೆಯಲ್ಲಿ ತಿಳಿಯಿತು.

ಗಂಡು ವಡಗೇರಾದ ದೇವಪ್ಪ. ಮದುವೆ ನಮ್ಮ ಶಹಾಪುರದಲ್ಲಿ. ಮದುಮಗನನ್ನು ಕರೆತರುವ ಮಾನ ಹಿರಿಯ ಅಳಿಯನಾದ ನನಗೂ ನನ್ನ ಹಳೆಯ ಬಿಳಿ ಕಾರಿಗೂ ಬಂತು. ಎಲ್ಲರಿಗೂ ಇದ್ದ ಅಂಜಿಕೆ ಒಂದೇ, ಮದುಮಗನ ಸೋದರಮಾವ ಸಾಬಣ್ಣ. ನಿಶ್ಚಯದ ದಿನ ಹೋಳಿಗೆಗೆ ತುಪ್ಪ ತಡವಾಯಿತೆಂದು ಚಪ್ಪಲಿ ಮೆಟ್ಟಿಕೊಂಡು ಹೊರಟುನಿಂತಿದ್ದ ಮನುಷ್ಯ ಅವರು.

"ನಮ್ಮ ರೇಣುಕಾನ ಮದಿವ್ಯಾಗ ಆ ಸಾಬಣ್ಣ ಮಾವಾರು ಸಿಟ್ಟಾಗಬಾರದ್ರಿ," ಎಂದಳು ನನ್ನ ಹೆಂಡತಿ ಶರಣಮ್ಮ. "ಅವರು ಎದ್ದು ಹೋದ್ರಂದ್ರ ಮದಿವಿನೂ ಅವರ ಹಿಂದೇ ಹೋಗ್ತದ. ನೀವು ಟೈಮಿಗಿ ಮದಿಮಗನ್ನ ಕರ್ಕೊಂಡು ಬರ್ರಿ, ಸಾಕು. ಮತ್ತೇನೂ ಮಾಡಬ್ಯಾಡ್ರಿ."

ಮತ್ತೇನೂ ಮಾಡಬೇಡ ಎಂದ ಮೇಲೆ ಸುಮ್ಮನಿರಲು ನಾನೇನು ಕಲ್ಲೆ? ಮದುಮಗನ ಕಾರು ಸದ್ದಿಲ್ಲದೆ ಬಂದರೆ ಊರವರು ಏನೆಂದಾರು! ಗೆಳೆಯನಿಂದ ಒಂದು ಭಾರಿ ಆಂಪ್ಲಿಫೈಯರ್, ಎರಡು ಸ್ಪೀಕರ್ ತಂದೆ. ಆಂಪ್ಲಿಫೈಯರನ್ನು ಎಲ್ಲರೂ ಪ್ರೀತಿಯಿಂದ ಆಂಪ್ ಎನ್ನುತ್ತಾರೆ. ಆ ಪ್ರೀತಿಯೇ ಮುಂದೆ ಮುಳುವಾಯಿತು.

ವಾಯರು, ಫ್ಯೂಜು ತರಲು ಯಾದಗಿರಿಗೆ ಹೋದೆ. ಅಂಗಡಿಯವರು ಕಿರುಬೆರಳಿನಷ್ಟು ದಪ್ಪದ ಕೆಂಪು ವಾಯರ್ ಬಿಚ್ಚಿದರು.

"ಬ್ಯಾಟ್ರಿಯಿಂದ ಡಿಕ್ಕಿತನಕ ಇದೇ ಎಳೀರಿ ಸರ್."

"ಏನ್ರಿ, ಬಾವಿಗಿ ಕೊಡ ಬಿಡಬೇಕೇನು ಇದರಾಗ!" ಎಂದು ನಕ್ಕೆ. ನನ್ನ ತರ್ಕ ಸರಳವಾಗಿತ್ತು. ಮನೆಯ ಕರೆಂಟು ಮುಟ್ಟಿದರೆ ಮನುಷ್ಯ ಹಾರಿ ಬೀಳುತ್ತಾನೆ. ಅಂಥ ಕರೆಂಟೇ ಸಣ್ಣ ವಾಯರಿನಲ್ಲಿ ತೆಪ್ಪಗೆ ಹೋಗುತ್ತದೆ. ಕಾರಿನ ಬ್ಯಾಟರಿ ಮುಟ್ಟಿದರೆ ಇರುವೆ ಕಚ್ಚಿದಷ್ಟೂ ಆಗುವುದಿಲ್ಲ. ಅದಕ್ಕೆ ಹಗ್ಗದಂಥ ವಾಯರ್ ಯಾಕೆ? ಮನೆ ಕಟ್ಟಿದಾಗ ಉಳಿದ ವಾಯರೇ ಸಾಕು!

"ಆತ್ರಿ ಸರ್, ನಿಮ್ಮ ಮರ್ಜಿ. ಫ್ಯೂಜ್ ಎಷ್ಟು ಆಂಪಿಂದು ಕೊಡ್ಲಿ?"

"ಒಂದೇ ಆಂಪ್ ರೀ."

"ಒಂದೇ? ಸಾಕಾಗ್ತದೇನ್ರಿ?"

"ಸಾಕ್ರಿ. ಎರಡೆರಡು ಕೂಡಿಸಾಕ ನಂದೇನು ಲಾರಿ ಏನು?"

ಅವರು ಕೇಳಿದ್ದು ಆಂಪಿಯರ್, ಅಂದರೆ ಎಷ್ಟು ಕರೆಂಟನ್ನು ತಡೆದುಕೊಳ್ಳುವ ಫ್ಯೂಜು ಬೇಕೆಂದು. ನಾನು ಹೇಳಿದ್ದು ನನ್ನ ಬಳಿ ಇರುವ ಆಂಪ್ಲಿಫೈಯರುಗಳ ಸಂಖ್ಯೆ! ಮೂವತ್ತು ಆಂಪಿಯರ್ ಕುಡಿಯುವ ರಾಕ್ಷಸನಿಗೆ ಒಂದು ಆಂಪಿಯರಿನ ಫ್ಯೂಜುಗಳ ಡಬ್ಬಿ ಹಿಡಿದು ನಾನು ದಿಗ್ವಿಜಯ ಮುಗಿಸಿದವನಂತೆ ಬಸ್ಸು ಹತ್ತಿದೆ.

ಭಾನುವಾರ ಕಾರ್ಯಾರಂಭ. ಬ್ಯಾಟರಿಗೆ ವಾಯರಿನ ತುದಿಯನ್ನು ಕೈಯಿಂದಲೇ ಸುತ್ತಿದೆ, ಪಕ್ಕದಲ್ಲಿ ಫ್ಯೂಜು ಕೂಡಿಸಿದೆ, ಉಳಿದ ವಾಯರನ್ನು ಸೀಟಿನ ಕೆಳಗಿನ ಮ್ಯಾಟಿನಡಿ ಎಳೆದು ಡಿಕ್ಕಿಯಲ್ಲಿಟ್ಟ ಆಂಪಿಗೆ ಮುಟ್ಟಿಸಿದೆ. ಹಾಡಿನ ಟೇಪ್ ಹಚ್ಚಿದೆ. ಗಾಯಕ "ಆ..." ಎಂದ. ಫ್ಯೂಜು "ಚಟ್" ಎಂದಿತು. ಹೊಸ ಫ್ಯೂಜು ಹಾಕಿದೆ. "ಆ..." ಚಟ್! ಡಬ್ಬಿ ಮುಗಿಯುವವರೆಗೂ ಆ ಪುಣ್ಯಾತ್ಮನಿಗೆ ಎರಡನೆಯ ಅಕ್ಷರ ಹೇಳಲು ಆಗಲಿಲ್ಲ.

ಆಗ ನನ್ನೊಳಗಿನ ರೈತ ಎದ್ದ. ನಮ್ಮ ಕಾಲುವೆ ಸೀಮೆಯಲ್ಲಿ ಫ್ಯೂಜಿಗೆ ಒಂದೇ ಧರ್ಮ, ಅದು ಹಾರಬಾರದು, ಅಂದರೆ ಸುಟ್ಟು ಹೋಗಬಾರದು! ಕರೆಂಟ್ ಇದ್ದ ಹೊತ್ತಿನಲ್ಲಿ ಮೋಟರ್ ನಿಂತರೆ ಗದ್ದೆಗೆ ನೀರೆಲ್ಲಿ? ಅದಕ್ಕೇ ಫ್ಯೂಜಿನ ಜಾಗದಲ್ಲಿ ತಾಮ್ರದ ಎಳೆಗಳನ್ನು ದಪ್ಪಗೆ ಹೊಸೆದು ಕಟ್ಟುವ ರೂಢಿ. ಯಾರ ಫ್ಯೂಜು ಎಷ್ಟು ವರ್ಷದಿಂದ ಹಾರಿಲ್ಲವೆಂಬುದು ಚಹಾದ ಹೋಟೆಲಿನಲ್ಲಿ ಎದೆಯುಬ್ಬಿಸಿ ಹೇಳಿಕೊಳ್ಳುವ ಸಂಗತಿ. ನಾನೂ ಹೊಸೆದೆ, ಕಟ್ಟಿದೆ. ಹಾಡು ಓಣಿಯನ್ನೇ ನಡುಗಿಸಿತು!

ಅಕ್ಕಿ ಆರಿಸುತ್ತಿದ್ದ ಶರಣಮ್ಮ ಮೊರ ಕೆಳಗಿಟ್ಟಳು. "ಅಲ್ರಿ, ಅದು ಹಾರಾಕಂತೇ ಇಟ್ಟಿದ್ದಲ್ಲೇನು? ಕುಕ್ಕರಿನ ವಾಲ್ ಹಾರ್ತದಂತ ಯಾರರ ಬೆಸಗಿ ಹಾಕಿಸ್ತಾರೇನ್ರಿ?"

"ಅಡಗಿ ಮನಿ ಬ್ಯಾರೆ, ಕರೆಂಟ್ ಬ್ಯಾರೆ," ಎಂದೆ ಗಂಭೀರವಾಗಿ.

ಮದುವೆಯ ಬೆಳಿಗ್ಗೆ ವಡಗೇರಾದಿಂದ ಹೊರಟೆವು. ನನ್ನ ಪಕ್ಕ ಸಾಬಣ್ಣ, ಕೈಯಲ್ಲಿ ಬಿದಿರ ಹಿಡಿಕೆಯ ಕೊಡೆ. ಹಿಂದೆ ಬಾಸಿಂಗ ಕಟ್ಟಿಕೊಂಡ ದೇವಪ್ಪ, ಜೊತೆಗೆ ಅವನನ್ನು ಕರೆಯಲು ನನ್ನೊಡನೆ ಬಂದಿದ್ದ ಶರಣಮ್ಮ. ಹಾಡು ಕೇಳಿ ಸಾಬಣ್ಣನವರ ಮುಖ ಅರಳಿತು.

"ಜೋರ್ ಹಚ್ರಿ ಮಾಸ್ತರ್ರ! ಇನ್ನೂ ಜೋರ್!"

ಹಚ್ಚಿದೆ. ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬಂತು. "ಬತ್ತದ ಹುಲ್ಲು ಸುಡಾಕತ್ತಾರ," ಎಂದು ಸಾಬಣ್ಣನವರೇ ನಿರ್ಣಯ ಕೊಟ್ಟರು. ಕಾಲುವೆ ದಂಡೆಯ ಗದ್ದೆಗಳಲ್ಲಿ ಸುಗ್ಗಿ ಮುಗಿದಿತ್ತು. ನಾನೂ ಒಪ್ಪಿಕೊಂಡೆ.

"ಅಣ್ಣಾರ," ಎಂದ ದೇವಪ್ಪ ಹಿಂದಿನಿಂದ, "ಕಾಲು ಬಿಸಿ ಹತ್ತಾಕತ್ತಾವ್ರಿ."

"ಮದಿಮಗನ ಕಾಲು ಇವತ್ತು ನೆಲದ ಮ್ಯಾಲ ನಿಲ್ಲಂಗಿಲ್ಲ ಬಿಡ್ರಿ!" ಎಂದೆ. ಸಾಬಣ್ಣ ಗಹಗಹಿಸಿ ನಕ್ಕರು. ಆ ನಗು ಮುಗಿಯುವ ಮೊದಲೇ ಮ್ಯಾಟಿನಡಿಯಿಂದ ಕರಿ ಹೊಗೆ ಎದ್ದಿತು!

ಕಾರು ನಿಲ್ಲಿಸಿದೆ. ಇಂಥ ಸಂಕಟದಲ್ಲಿ ವೈರಿಂಗ್ ಬಲ್ಲ ನಾನು ಏನು ಮಾಡಿದೆ? ಹಾಡಿನ ಸದ್ದು ಕಡಿಮೆ ಮಾಡಿದೆ.

"ಇಳೀರಿ ಎಲ್ಲಾರೂ!" ಶರಣಮ್ಮ ಮದುಮಗನನ್ನು ರಟ್ಟೆ ಹಿಡಿದು ಹೊರಗೆಳೆದಳು. "ಬಾನೆಟ್ ತೆಗೀರಿ ಜಲ್ದಿ!" ನಾನು ತೆಗೆದೆ. ಅವಳು ಸಾಬಣ್ಣನವರ ಕೈಯಿಂದ ಕೊಡೆ ಕಸಿದುಕೊಂಡಳು. ಅದರ ಬಾಗಿದ ಹಿಡಿಕೆಯನ್ನು ಬ್ಯಾಟರಿಯ ಬಳಿ ವಾಯರಿಗೆ ಸಿಕ್ಕಿಸಿ ಜಗ್ಗಿದಳು. ಒಂದೇ ಜಗ್ಗಿಗೆ ಕಿತ್ತು ಬಂತು. ನನ್ನ ಇಡೀ ಕೆಲಸದಲ್ಲಿ ಉಪಕಾರಕ್ಕೆ ಬಂದದ್ದು ಸಡಿಲವಾಗಿ ಸುತ್ತಿದ್ದ ಆ ತುದಿ ಮಾತ್ರ!

ಹೊಗೆ ಇಳಿಯಿತು. ಇಣುಕಿದೆ. ನಾನು ಕಟ್ಟಿದ ತಾಮ್ರದ ಫ್ಯೂಜು ಫಳಫಳ ಹೊಳೆಯುತ್ತ ಕೂತಿತ್ತು. ಅದು ಹಾರಲಿಲ್ಲ. ಅದರ ಬದಲು ಸಣ್ಣ ವಾಯರೇ ಕಾದು ಕೆಂಪಾಗಿ, ಮ್ಯಾಟು, ಸೀಟು ಎಲ್ಲ ಸುಟ್ಟಿದ್ದವು. ಕಾರು ಮತ್ತೆ ಚಾಲೂ ಆಗಲಿಲ್ಲ.

ಸಾಬಣ್ಣನವರ ಮೀಸೆ ಅದುರಿತು. "ಮದಿಮಗನ ಕಾಲಬುಡಕ ಬೆಂಕಿ! ಇದು ಅಪಶಕುನ! ನಡಿಯೋ ದೇವಪ್ಪ, ಮನಿಗಿ ತಿರುಗು!" ದೇವಪ್ಪ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಅಲ್ಲಿ ಮಂಟಪದಲ್ಲಿ ರೇಣುಕಾ ಅರಿಶಿಣ ಮೈಯಲ್ಲಿ ಕಾಯುತ್ತಿದ್ದಳು.

ಅಷ್ಟರಲ್ಲಿ ಬತ್ತದ ಚೀಲ ತುಂಬಿದ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಶಹಾಪುರದ ಕಡೆ ಬಂತು. ಶರಣಮ್ಮ ರಸ್ತೆ ನಡುವೆ ನಿಂತು ಕೈ ಚಾಚಿದಳು. ಆಮೇಲೆ ತಿರುಗಿ, ಹಾಲಿನಷ್ಟು ತಣ್ಣಗಿನ ದನಿಯಲ್ಲಿ ಅಂದಳು:

"ಮಾವಾರ, ಅಪಶಕುನ ಅಲ್ರಿ. ಕಾಲುವಿ ನೀರು ಬಂದಾಗಿಂದ ನಮ್ಮ ಮನೆತನದಾಗ ಒಂದು ಪದ್ಧತಿ ಅದ. ಮದಿಮಗ ಬತ್ತದ ಚೀಲದ ಮ್ಯಾಲ ಕುಂತೇ ಊರು ಹೊಗಬೇಕು. ಜೋಡಿಗಿ ಸೋದರಮಾವ ಕೊಡಿ ಹಿಡೀಬೇಕು. ಆ ಮಾನ ಮತ್ತ್ಯಾರಿಗೂ ಇಲ್ರಿ. ನಮ್ಮನ್ಯಾವರು ಕಾರ್ ತಂದು ಅದನ್ನ ಮರ್ತಿದ್ರು. ದೇವರು ನೆನಪು ಮಾಡ್ಯಾನ."

ಇಪ್ಪತ್ತು ವರ್ಷ ಆ ಮನೆಯ ಅಳಿಯನಾಗಿದ್ದ ನನಗೆ ಆ ಪದ್ಧತಿ ಆಗಲೇ ಹುಟ್ಟಿತೆಂದು ಗೊತ್ತಿತ್ತು! ಸಾಬಣ್ಣ ಚೀಲಗಳನ್ನು ನೋಡಿದರು, ಕೊಡೆ ನೋಡಿದರು. "ಸೋದರಮಾವನೇ ಹಿಡೀಬೇಕಾ?" ಎಂದರು. ಮುಂದಿನ ಕ್ಷಣ ಅವರು ಚೀಲದ ಮೇಲಿದ್ದರು.

ನಾನೂ ಹತ್ತಲು ಹೋದೆ. "ನೀವು ಕಾರಿನ ಹತ್ರ ಇರ್ರಿ," ಎಂದಳು ಶರಣಮ್ಮ. "ಏನೂ ಮುಟ್ಟಬ್ಯಾಡ್ರಿ."

ಕೊಡೆಯ ನೆರಳಲ್ಲಿ ಮದುಮಗ ಹೋಗುವುದನ್ನು ನೋಡುತ್ತ ನಿಂತೆ. ಕಾರು ಹೋದದ್ದಕ್ಕೆ ದುಃಖವಾಗಬೇಕಿತ್ತು. ಆದರೆ ಇಂಥವಳು ನನ್ನ ಹೆಂಡತಿ ಎಂಬ ಹೆಮ್ಮೆಯೇ ಹೆಚ್ಚಾಯಿತು. ನಾನು ಬಸ್ಸು ಹಿಡಿದು ಮಂಟಪ ಮುಟ್ಟುವ ಹೊತ್ತಿಗೆ ವಧೂವರರ ಮೇಲೆ ಅಕ್ಕಿಕಾಳು ಬಿದ್ದು ಊಟ ನಡೆದಿತ್ತು. ಸಾಬಣ್ಣ ತುಪ್ಪ ಸುರಿದುಕೊಂಡು ಬೀಗರಿಗೆಲ್ಲ ಪದ್ಧತಿಯ ಮಹಿಮೆ ವಿವರಿಸುತ್ತಿದ್ದರು.

ಮರುವರ್ಷ ಅವರ ಮಗಳ ಮದುವೆ ಸುರಪುರದ ಹುಡುಗನ ಜೊತೆ ಗೊತ್ತಾಯಿತು. ಸಾಬಣ್ಣ ನಮ್ಮ ಮನೆಗೇ ಬಂದರು.

"ತಂಗಿ, ನಿಮ್ಮ ಪದ್ಧತಿ ನಾವೂ ಹಿಡದೀವಿ. ಬತ್ತದ ಚೀಲ, ಟ್ರ್ಯಾಕ್ಟರ್, ಕೊಡಿ ಎಲ್ಲಾ ತಯಾರ್ ಅದ. ಆದ್ರ ಮೊದಲ ಹಿರಿ ಅಳಿಯ ಕಾರ್ ಸುಡೋದಿತ್ತಲ್ಲ, ಅದೂ ಶಾಸ್ತ್ರದಾಗ ಬರ್ತದೇನು?"

ನಾನು ದೀನನಾಗಿ ಶರಣಮ್ಮನ ಮುಖ ನೋಡಿದೆ. ಅವಳು ನಗಲಿಲ್ಲ.

"ಬರ್ತದ್ರಿ ಮಾವಾರ," ಎಂದಳು. "ನಿಮ್ಮ ಕಡಿ ಅಂಥ ಅಳಿಯ ಇಲ್ಲಂದ್ರ ನಮ್ಮನ್ಯಾವರನ್ನೇ ಕಳಸ್ತೀನಿ. ಕಾರ್ ಮಾತ್ರ ನಿಮ್ಮದು ಇರ್ಲಿ."